ತೂಕಕ್ಕೆ ಹಾಕಿದ ಜೋಳ

ಮೆಕ್ಕೆಜೋಳ ಒಕ್ಕುವ ಕಾಲ ಬಂತೆಂದರೆ ನಮ್ಮ ಕಡೆ ಟಾರು ರೋಡು ಅರ್ಧ ಮಾತ್ರ ರೋಡು. ಉಳಿದರ್ಧ ಕಣ. ಆನವಟ್ಟಿಯ ದಾರಿಯುದ್ದಕ್ಕೂ ಒಂದು ಬದಿ ಹಳದಿ ಹಾಸು, ಅದರ ಅಂಚಿಗೆ ಸಾಲಾಗಿ ಕಲ್ಲು, ಕಲ್ಲಿನ ಪಕ್ಕ ಮುಳ್ಳುಕೊಂಬೆ. ಬಸ್ಸಿನವನು ಬೈಯುತ್ತಾನೆ, ಬೈಯುತ್ತಲೇ ಪಕ್ಕಕ್ಕೆ ಸರಿದು ಹೋಗುತ್ತಾನೆ, ಯಾಕೆಂದರೆ ಅವನ ಮನೆಯ ಜೋಳವೂ ಇನ್ನೆಲ್ಲೋ ರೋಡಿನ ಮೇಲೇ ಒಣಗುತ್ತಿರುತ್ತದೆ. ಇದು ತಪ್ಪೆಂದು ಎಲ್ಲರಿಗೂ ಗೊತ್ತು. ನಮ್ಮ ಮನೆಯದನ್ನೂ ನಾವು ಹಾಗೇ ಒಣಗಿಸಿದ್ದೇವೆ.

ನಾನು ಡ್ರೋನ್ ಪೈಲಟ್. ಹೊಲಗಳಿಗೆ ಔಷಧಿ ಹೊಡೆಯುವುದು ನನ್ನ ಹೊಟ್ಟೆಪಾಡು. ಬಿಡುವಿದ್ದ ದಿನ ಒಂದು ಟ್ರಸ್ಟಿನ ಸೇವೆಗೆ ಪುಕ್ಕಟೆ ಹಾರಿಸುತ್ತಿದ್ದೆ. ಶಿಕಾರಿಪುರದಿಂದ ಸೊರಬ ತಾಲೂಕಿನ ಸಣ್ಣ ಆಸ್ಪತ್ರೆಗಳಿಗೆ ರಕ್ತ, ಹಾವು ಕಡಿದದ್ದಕ್ಕೆ ಕೊಡುವ ಔಷಧಿ, ಇಂಥವನ್ನು ಆಕಾಶದಲ್ಲಿ ಮುಟ್ಟಿಸುವ ಸೇವೆ ಅದು. ಯಂತ್ರಕ್ಕೆ ಒಂದೇ ಹಾರಾಟದಲ್ಲಿ ಅಷ್ಟು ದೂರ ಹೋಗುವ ತಾಕತ್ತಿಲ್ಲ. ಆದ್ದರಿಂದ ಶಿಕಾರಿಪುರದಲ್ಲಿ ಒಬ್ಬ ಪೈಲಟ್ ಅದನ್ನು ಮೇಲಕ್ಕೆ ಬಿಡುತ್ತಾನೆ. ತಾಳಗುಂದದ ಹೊರಗಿನ ಒಂದು ಬಯಲಿನಲ್ಲಿ ನಾನು ಇಳಿಸಿಕೊಂಡು, ಬ್ಯಾಟರಿ ಬದಲಿಸಿ, ಮತ್ತೆ ಬಿಡುತ್ತೇನೆ. ಅಲ್ಲಿಂದ ಮುಂದೆ ಅದು ಇಳಿಯುವವರೆಗೂ ನನ್ನ ಜವಾಬ್ದಾರಿ. ಪೈಲಟ್ ಅಂದರೆ ಊರಿನ ಹೆಂಗಸರು ನಗುತ್ತಿದ್ದರು. "ವಿಮಾನ ಹಿತ್ಲಾಗ ನಿಲ್ಸೀಯೇನವ್ವ?" ಅಂತ ಕೇಳುತ್ತಿದ್ದರು. ನಗಲಿ ಬಿಡಿ, ನನಗೂ ಮೊದಮೊದಲು ನಗುವೇ ಬರುತ್ತಿತ್ತು.

ನನ್ನ ಜೊತೆ ಬಯಲಿನಲ್ಲಿ ಇನ್ನೊಬ್ಬ ಸ್ವಯಂಸೇವಕ ಇರುತ್ತಿದ್ದ. ಶಿರಾಳಕೊಪ್ಪದಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟುಕೊಂಡವನು, ಎರಡು ಮಕ್ಕಳ ತಂದೆ. ಡ್ರೋನಿನ ಹೊಟ್ಟೆಯ ಕೆಳಗಿನ ಅಲ್ಯುಮಿನಿಯಂ ಡಬ್ಬಿ ಅವನ ಕೈಯದೇ. ಡ್ರೋನ್ ಕೈಕೊಟ್ಟರೆ ಸಾಮಾನು ತೆಗೆದುಕೊಂಡು ಹೋಗಲಿಕ್ಕೆ ಅವನ ಬೈಕು ಸದಾ ಸಿದ್ಧ ಇರಬೇಕು, ಅದು ನಮ್ಮ ನಿಯಮ. ಅಂಗಡಿ ಮುಚ್ಚಿಕೊಂಡು ಬರುತ್ತಿದ್ದ, ಒಂದು ದಿನವೂ ಗೊಣಗಿದವನಲ್ಲ.

ಆ ದಿನ ನಿಜವಾಗಿ ಇದ್ದದ್ದು ಒಂದು ಪ್ರದರ್ಶನ. ಟ್ರಸ್ಟಿಗೆ ಸಹಾಯ ಮಾಡುವ ದೊಡ್ಡ ಮನುಷ್ಯರು ಬೆಂಗಳೂರಿನಿಂದ ಬರುವವರಿದ್ದರು. ಆನವಟ್ಟಿ ಆಚೆಯ ಒಂದು ಆಸ್ಪತ್ರೆಯ ಅಂಗಳದಲ್ಲಿ ಶಾಮಿಯಾನ ಹಾಕಿ, ಶಿಕಾರಿಪುರದಿಂದ ನೀರು ತುಂಬಿದ ಸುಳ್ಳು ಚೀಲ ಹಾರಿಸಿ ತೋರಿಸುವುದೆಂದು ಮಾತಾಗಿತ್ತು. ಬೆಳಿಗ್ಗೆ ನಾನು ಬಯಲಿಗೆ ಬಂದು ನೀಲಿ ಚಾಪೆ ಹಾಸಿ, ದಿಕ್ಸೂಚಿ ಸರಿ ಮಾಡಿ, ಬ್ಯಾಟರಿಗಳನ್ನು ಬಿಸಿಲಿಗೆ ಬೀಳದಂತೆ ಮುಚ್ಚಿಟ್ಟಿದ್ದೆ. ಅಷ್ಟರಲ್ಲಿ ಟ್ರಸ್ಟಿನ ಕಾರ್ಯದರ್ಶಿಯ ಫೋನು ಬಂತು. ದನಿಯಲ್ಲಿ ಮದುವೆ ಮನೆಯ ಉತ್ಸಾಹ.

"ಮೇಡಂ, ಡೆಮೋಗೆ ಒಳ್ಳೇ ಕೇಸ್ ಸಿಕ್ಕಿದೆ. ಅದೇ ಆಸ್ಪತ್ರೇಲಿ ಬಾಣಂತಿಗೆ ರಕ್ತ ನಿಲ್ತಾ ಇಲ್ಲವಂತೆ. ನಿಜವಾದ ರಕ್ತಾನೇ ಕಳಿಸ್ತಾ ಇದೀವಿ."

ಒಳ್ಳೇ ಕೇಸ್. ಆ ಮಾತಿಗೇ ನನಗೆ ಮೈ ಉರಿಯಿತು. ಆದರೆ ಕೆಲಸದ ಹೊತ್ತಿನಲ್ಲಿ ಜಗಳ ಮಾಡಬಾರದೆಂದು ಬಾಯಿ ಮುಚ್ಚಿಕೊಂಡೆ. ಆಕೆಯ ರಕ್ತದ ಗುಂಪು ಅಪರೂಪದ್ದು, ಶಿಕಾರಿಪುರದಲ್ಲಿ ಎರಡೇ ಚೀಲ ಇದ್ದವು. ಆಂಬುಲೆನ್ಸ್ ಬಾಗಿಲಲ್ಲೇ ನಿಂತಿತ್ತೆಂದು ಅಲ್ಲಿಯ ಪೈಲಟ್ ಆಮೇಲೆ ನನಗೆ ಹೇಳಿದ. ಡ್ರೋನ್ ಅರ್ಧ ಹೊತ್ತಿನಲ್ಲಿ ಮುಟ್ಟಿಸುತ್ತದೆ, ಆಂಬುಲೆನ್ಸ್ ಯಾಕೆ ಅಂದರಂತೆ ಟ್ರಸ್ಟಿನವರು. ಲೆಕ್ಕಕ್ಕೆ ಅದು ಸುಳ್ಳೂ ಅಲ್ಲ.

ಯಂತ್ರ ಬಂದದ್ದು ಚೆನ್ನಾಗಿಯೇ ಬಂತು. ತಾಳಗುಂದದ ಮರಗಳ ಮೇಲೆ ಮೊದಲು ಸದ್ದು, ಆಮೇಲೆ ಚುಕ್ಕಿ, ಆಮೇಲೆ ಆರು ರೆಕ್ಕೆ. ಒಂದು ಎಲೆಯೂ ಅಲುಗುತ್ತಿರಲಿಲ್ಲ. ಚಾಪೆಯ ನಡುಮಧ್ಯ ಇಳಿಸಿದೆ. ವೆಲ್ಡಿಂಗ್‌ನವನು ಡಬ್ಬಿಯ ಬಾಗಿಲು ತೆಗೆದು ಒಳಗಿನ ತಂಪುಚೀಲ ಮುಟ್ಟಿ ನೋಡಿದ. "ಐಸ್ ಹಂಗೇ ಇದೆ ಅಕ್ಕಾ," ಅಂದ. ನಾನು ಬ್ಯಾಟರಿ ಬದಲಿಸಿದೆ, ರೆಕ್ಕೆಯ ತಿರುಪುಗಳನ್ನು ಒಂದೊಂದಾಗಿ ಬೆರಳಿನಿಂದ ಒತ್ತಿ ನೋಡಿದೆ, ಟ್ಯಾಬಿನಲ್ಲಿ ದಾರಿ ಏರಿಸಿದೆ. ಇನ್ನು ಬೆರಳು ಒತ್ತಿದರೆ ಸಾಕು ಎನ್ನುವಾಗ ಕಾರ್ಯದರ್ಶಿಯ ಫೋನು.

"ಬಿಡಬೇಡಿ, ಬಿಡಬೇಡಿ. ಗೆಸ್ಟ್‌ಗಳು ಇನ್ನೂ ದಾರೀಲಿದಾರೆ. ಅವರು ಇಳಿಯೋದಕ್ಕೂ ಇದು ಇಳಿಯೋದಕ್ಕೂ ಸರಿ ಹೋಗಬೇಕು."

"ಸಾರ್, ಅಲ್ಲಿ ಹೆಂಗಸು ಸಾಯ್ತಾ ಇದಾಳೆ."

"ಹತ್ತೇ ನಿಮಿಷ ಮೇಡಂ. ಹತ್ತು ನಿಮಿಷಕ್ಕೆ ಯಾರೂ ಸಾಯಲ್ಲ."

ಅನುಮತಿ ಇಲ್ಲದೆ ಬಿಡುವಂತಿಲ್ಲ. ಅತ್ತ ಕಡೆ ಇಳಿಯುವ ಜಾಗ ಖಾಲಿ ಇದೆಯೆಂದು ಅವರು ಹೇಳಬೇಕು, ಹೇಳದೆ ನಾನು ಹಾರಿಸಿ ಯಾರದಾದರೂ ತಲೆಗೆ ರೆಕ್ಕೆ ಬಡಿದರೆ? ಆರು ಕತ್ತಿ ತಿರುಗುತ್ತಿರುತ್ತವೆ ಅಲ್ಲಿ. ಹಾಗಾಗಿ ನಿಂತೆ. ನಿಂತಿರುವಾಗಲೇ ಆಸ್ಪತ್ರೆಯ ನರ್ಸಮ್ಮ ಫೋನು ಮಾಡಿದಳು.

"ಎಲ್ಲಿಗ್ ಬಂತ್ರೀ ಮೇಡಂ? ಹಾಸ್ಗಿ ಎಲ್ಲಾ ತೊಯ್ದ್ ಹೋಗೈತಿ. ಈ ಸ್ಥಿತೀಲಿ ಶಿವಮೊಗ್ಗಕ್ಕೆ ಕಳ್ಸಾಕೂ ಆಗಲ್ಲ ಅಂತಾರೆ ಡಾಕ್ಟ್ರು. ರಕ್ತ ಕೊಟ್ಟ ಮ್ಯಾಲೇ ಅಲುಗಾಡ್ಸೋದು."

ಅಷ್ಟರಲ್ಲಿ ಫೋನು ಬೇರೆ ಕೈಗೆ ಹೋಯಿತು. ಬಾಣಂತಿಯ ಗಂಡ. ಕುರಿ ಸಾಕುವ ಮನೆಯವನೆಂದು ಆಮೇಲೆ ತಿಳಿಯಿತು. ಏದುಸಿರು ಬಿಡುತ್ತಿದ್ದ.

"ಅಕ್ಕಾರ, ಹೊಂಟೈತೇನ್ರೀ ಅದು?"

"ಹೊರಡ್ತೈತಿ ಅಪ್ಪಾ. ಇನ್ನೇನು ಹೊರಡ್ತೈತಿ."

"ನಾ ಅಂಗಳದಾಗೇ ನಿಂತಿರ್ತೀನ್ರೀ. ಬಂದ ಕೂಡ್ಲೆ ಯಾರ್ ತೆಗೀಬೇಕ್ರೀ ಅದನ್ನ?"

ಇಳಿಸಿಕೊಳ್ಳಲು ಟ್ರಸ್ಟಿನ ಒಬ್ಬ ಹುಡುಗ ಅಲ್ಲಿರಬೇಕಿತ್ತು. ಆದರೆ ಆ ಗಡಿಬಿಡಿಯಲ್ಲಿ ಅವನನ್ನು ಹೂವು ತರಲು ಕಳಿಸಿರುತ್ತಾರೆಂದು ನನಗೆ ಅನುಮಾನ. ಅದಕ್ಕೇ ಹೇಳಿದೆ, "ನೀವೇ ತೆಗೀರಿ. ರೆಕ್ಕೆ ಪೂರಾ ನಿಲ್ಲೋತನಕ ಹತ್ರ ಹೋಗ್ಬೇಡ್ರಿ. ನಿಂತ ಮೇಲೆ ಕೆಳಗಿನ ಡಬ್ಬಿ ಕೊಕ್ಕೆ ಎಡಕ್ಕೆ ತಿರುವಿ, ಬಾಗಿಲು ಎಳೀರಿ. ಒಳಗೆ ಚೀಲ ಇರ್ತೈತಿ, ಎದೆಗೆ ಅವಚ್ಕೊಂಡು ಸೀದಾ ಡಾಕ್ಟ್ರ ಹತ್ರ ಓಡ್ರಿ."

"ಎಡಕ್ಕ ತಿರುವಿ, ಎಳ್ದು, ಓಡೋದು," ಅಂತ ಅವನು ಪಾಠ ಒಪ್ಪಿಸಿದ. ಎರಡು ಸಲ ಒಪ್ಪಿಸಿದ.

ಹತ್ತು ನಿಮಿಷ ಮುಗಿಯಿತು, ಇನ್ನೊಂದು ಹತ್ತೂ ಮುಗಿಯಿತು. ಬಿಸಿಲು ಏರಿತು. ಆ ತಿಂಗಳಲ್ಲಿ ನಮ್ಮ ಕಡೆ ಹೊತ್ತು ಏರಿದ ಮೇಲೆ ಮೂಡುಗಾಳಿ ಏಳುತ್ತದೆ. ಅದು ಹೇಳಿ ಕೇಳಿ ಬರುವ ಗಾಳಿಯಲ್ಲ. ಮೊದಲು ಚಾಪೆಯ ಒಂದು ಮೂಲೆ ಎದ್ದು ಬಿತ್ತು. ನಾನು ಕೈಯಲ್ಲಿ ಹಿಡಿಯುವ ಗಾಳಿಮಾಪಕ ಎತ್ತಿದೆ. ಮುಳ್ಳು ಮಿತಿಯ ಹತ್ತಿರ ಬಂತು, ದಾಟಿತು, ಇಳಿಯಿತು, ಮತ್ತೆ ದಾಟಿತು. ಪಕ್ಕದ ಕಣದಲ್ಲಿ ಒಬ್ಬ ಹಿರಿಯ ಹೆಂಗಸು ಜೋಳ ತೂರಲು ಬಂದಿದ್ದಳು. ಗಾಳಿ ಇಲ್ಲದೆ ಬೆಳಗಿನಿಂದ ಮೊರ ಕೆಳಗಿಟ್ಟು ಕೂತವಳು ಈಗ ಎದ್ದು ಸೆರಗು ಬಿಗಿದಳು.

"ಬಂತ್ ನೋಡವ್ವ ಗಾಳಿ! ನಮ್ ಪುಣ್ಯ!" ಅಂತ ನನ್ನ ಕಡೆ ಕೂಗಿ ನಕ್ಕಳು. ಹೊಟ್ಟು ಹಾರಿ ನನ್ನ ಟ್ಯಾಬಿನ ಮೇಲೆ ಬಿತ್ತು. ಅವಳಿಗೆ ಏನು ಗೊತ್ತು ಪಾಪ, ನಾನೂ ತಲೆ ಅಲ್ಲಾಡಿಸಿದೆ.

ಆಗ ಬಂತು ಕಾರ್ಯದರ್ಶಿಯ ಫೋನು. "ಬಂದರು, ಎಲ್ಲರೂ ಕೂತರು. ಈಗ ಬಿಡಿ ಮೇಡಂ."

"ಈಗ ಆಗಲ್ಲ ಸಾರ್. ಗಾಳಿ ಮಿತಿ ಮೀರಿದೆ."

"ಏನ್ ಮೇಡಂ, ಸ್ವಲ್ಪ ಗಾಳಿಗೆಲ್ಲಾ ಹೆದರ್ತೀರಾ? ಮೀಟರ್ ನೋಡ್ಕೊಂಡು ಕೂತ್ರೆ ಸೇವೆ ಮಾಡೋಕಾಗುತ್ತಾ?"

ನನಗೆ ತಡೆಯಲಾಗಲಿಲ್ಲ. "ಎಲೆ ಅಲ್ಲಾಡದಿರೋವಾಗ ನಿಲ್ಲಿಸಿದ್ದು ನೀವು. ಮರ ಬಾಗೋವಾಗ ಬಿಡು ಅಂತೀರಿ. ಇರೋದು ಎರಡೇ ಚೀಲ. ಇದು ಯಾರದೋ ಹೊಲದಲ್ಲಿ ಬಿದ್ದರೆ ಹುಡುಕೋಕೆ ನಿಮ್ಮ ಗೆಸ್ಟ್‌ಗಳು ಬರ್ತಾರಾ?" ಅಂದೆ. ಅವರೇನೋ ಹೇಳುತ್ತಿದ್ದರು, ನಾನು ಫೋನು ಕತ್ತರಿಸಿದೆ.

ವೆಲ್ಡಿಂಗ್‌ನವನು ಆಗಲೇ ಬೈಕಿನ ಸ್ಟ್ಯಾಂಡ್ ಎತ್ತಿದ್ದ. "ಕೊಡಿ ಅಕ್ಕಾ ಇಲ್ಲಿ. ಎಷ್ಟೊತ್ತು ಆಕಾಶ ನೋಡ್ತೀರಾ? ಅರ್ಧ ಗಂಟೇಲಿ ಮುಟ್ಟಿಸ್ತೀನಿ."

ಕೊಟ್ಟೆ. ಡಬ್ಬಿಯ ಬಾಗಿಲು ತೆಗೆದು, ಒಳಗಿನ ತಂಪುಚೀಲ ತೆಗೆದು, ಅವನ ಎದೆಗೆ ಅಡ್ಡ ಕಟ್ಟಿ, ನನ್ನ ವೇಲಿನಿಂದ ಮೇಲೆ ಇನ್ನೊಂದು ಸುತ್ತು ಬಿಗಿದೆ. "ನಿಧಾನ ಹೋಗು, ಆದರೆ ನಿಲ್ಲಬೇಡ," ಅಂದೆ. ಆ ತೀರ್ಮಾನ ನನ್ನದು. ಅದೇ ಗಾಳಿ, ಅದೇ ಎರಡು ಚೀಲ ಇವತ್ತು ನನ್ನ ಮುಂದಿಟ್ಟರೆ ಇವತ್ತೂ ಬೈಕಿಗೇ ಕೊಡುತ್ತೇನೆ. ಈ ಮಾತನ್ನು ನಾನು ಆಮೇಲೆ ಬಹಳ ಜನರ ಮುಂದೆ ಹೇಳಬೇಕಾಯಿತು.

ಅವನು ಹೋದ ಮೇಲೆ ನರ್ಸಮ್ಮನಿಗೆ ಫೋನು ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ರಕ್ತ ಸುರಿಯುವ ಹೆಂಗಸಿನ ಪಕ್ಕ ಇರುವವಳು ಫೋನು ಎಲ್ಲಿ ಎತ್ತುತ್ತಾಳೆ? ಮನಸ್ಸಿಲ್ಲದಿದ್ದರೂ ಕಾರ್ಯದರ್ಶಿಗೇ ಮಾಡಿದೆ. "ರಕ್ತ ಬೈಕಲ್ಲಿ ಬರ್ತಾ ಇದೆ. ಆ ಗಂಡ ಅಂಗಳದಲ್ಲಿ ಕಾಯ್ತಾ ನಿಂತಿದಾನೆ. ಡ್ರೋನ್ ಅಲ್ಲ, ಬೈಕು ಅಂತ ಅವನಿಗೆ ಹೇಳಿಬಿಡಿ."

"ಹೇಳ್ತೀನಿ, ಹೇಳ್ತೀನಿ," ಅಂದರು. ದನಿ ಕಲ್ಲಾಗಿತ್ತು.

ಗಾಳಿ ಇನ್ನೂ ಸ್ವಲ್ಪ ಹೊತ್ತು ಕುಣಿಯಿತು. ಆಮೇಲೆ, ಯಾರೋ ಬಾಗಿಲು ಹಾಕಿದ ಹಾಗೆ, ನಿಂತಿತು. ತೂರುತ್ತಿದ್ದ ಹೆಂಗಸು ಮೊರ ಎತ್ತಿ ಹಿಡಿದವಳು ಹಾಗೇ ನಿಂತು ಗಾಳಿಯನ್ನು ಬೈದಳು. ನಾನೂ ಬೈದೆ. ಇಬ್ಬರ ಬೈಗುಳಕ್ಕೂ ಕಾರಣ ಬೇರೆ ಬೇರೆ.

ಇನ್ನು ಸಾಮಾನು ಕಟ್ಟಿ ಮನೆಗೆ ಹೋಗುವುದು ಅಂದುಕೊಂಡಾಗ ಕಾರ್ಯದರ್ಶಿಯ ಫೋನು ಮತ್ತೆ ಬಂತು. ಈ ಸಲ ಬೆಣ್ಣೆ ಹಚ್ಚಿದ ದನಿ.

"ಮೇಡಂ, ಇಲ್ಲಿ ಗಾಳಿ ನಿಂತಿದೆ. ಅಲ್ಲೂ ನಿಂತಿರಬೇಕಲ್ಲ? ಯಂತ್ರಾನಾದ್ರೂ ಕಳಿಸಿ. ಅಷ್ಟು ದೂರದಿಂದ ಬಂದಿದಾರೆ, ಬರಿಗೈಲಿ ಕಳಿಸೋದಾ? ರಕ್ತ ಹೆಂಗೂ ಬೈಕಲ್ಲಿ ಬರುತ್ತೆ. ಡ್ರೋನ್ ಬಂದ್ರೆ ಯಾರಿಗೆ ನಷ್ಟ? ಮುಂದಿನ ವರ್ಷ ಈ ಸೇವೆ ನಡೀಬೇಕೋ ಬೇಡವೋ ನೀವೇ ಹೇಳಿ."

ಯೋಚಿಸಿದೆ. ಬೈಕು ಹೊರಟು ಬಹಳ ಹೊತ್ತಾಗಿತ್ತು. ಅವನು ಮುಟ್ಟಿರುತ್ತಾನೆ, ಇಲ್ಲವೇ ಗೇಟಿನ ಹತ್ತಿರ ಇರುತ್ತಾನೆ. ಸೇವೆ ನಿಂತುಹೋದರೆ ನಾಳೆ ಹಾವು ಕಡಿದವನಿಗೆ ಔಷಧಿ ಯಾರು ಹಾರಿಸುತ್ತಾರೆ? ಖಾಲಿ ಯಂತ್ರ ಒಂದು ಸುತ್ತು ಹಾರಿ ಬಂದರೆ ಯಾರ ಗಂಟು ಹೋಗುತ್ತದೆ? ಹೂಂ ಅಂದೆ.

ಆದರೆ ಪೂರಾ ಖಾಲಿ ಹಾರಿಸುವಂತಿರಲಿಲ್ಲ. ಯಂತ್ರದ ಹೊಂದಾಣಿಕೆ ಎಲ್ಲ ಹೊರೆ ಇಟ್ಟುಕೊಂಡು ಹಾರುವುದಕ್ಕೆ ಮಾಡಿದ್ದು. ಖಾಲಿ ಡಬ್ಬಿ ಹಗುರ, ಸಣ್ಣ ಅಡ್ಡಗಾಳಿಗೂ ತೂಗಾಡುತ್ತದೆ, ಯಂತ್ರ ಅದನ್ನು ಸರಿಪಡಿಸುತ್ತಾ ಸರಿಪಡಿಸುತ್ತಾ ಬ್ಯಾಟರಿ ತಿಂದು ಮುಗಿಸುತ್ತದೆ. ಎರಡು ರಕ್ತದ ಚೀಲ, ಐಸು ಎಲ್ಲ ಸೇರಿ ಎಷ್ಟಿತ್ತೋ ಅಷ್ಟೇ ಭಾರ ಒಳಗಿರಬೇಕು. ನೀರಿನ ಸುಳ್ಳು ಚೀಲ ಶಿಕಾರಿಪುರದಲ್ಲೇ ಉಳಿದಿತ್ತು. ಸುತ್ತ ನೋಡಿದೆ. ನನ್ನ ಬುತ್ತಿಚೀಲ ಕಾಣಿಸಿತು, ಹಳೇ ಸೀರೆಯ ಅಂಚಿನಲ್ಲಿ ನಾನೇ ಹೊಲಿದದ್ದು. ರೊಟ್ಟಿ ಡಬ್ಬಿ ಹೊರಗೆ ತೆಗೆದಿಟ್ಟು ಕಣದ ಹೆಂಗಸಿನ ಹತ್ತಿರ ಹೋದೆ.

"ಒಂದಿಷ್ಟು ಜೋಳ ಕೊಡವ್ವ."

"ಎಷ್ಟ್ ಬೇಕೋ ತುಂಬ್ಕ ತಾಯಿ. ಯಾರಿಗ್ ಬೇಕಾತು?"

"ಯಾರಿಗೂ ಅಲ್ಲ. ತೂಕಕ್ಕೆ."

ಅವಳು ಬೊಗಸೆ ಬೊಗಸೆ ತುಂಬಿದಳು. ನಾನು ಚೀಲವನ್ನು ತೂಕದ ಕೊಕ್ಕೆಗೆ ಸಿಕ್ಕಿಸಿ ನೋಡಿದೆ, ಒಂದು ಹಿಡಿ ತೆಗೆದೆ, ಮತ್ತೆ ನೋಡಿದೆ, ಅರ್ಧ ಹಿಡಿ ಹಾಕಿದೆ. ಕೂದಲೆಳೆಯಷ್ಟೂ ವ್ಯತ್ಯಾಸ ಇರಲಿಲ್ಲ. ಬಾಯಿ ಬಿಗಿದು ಕಟ್ಟಿ ಡಬ್ಬಿಯಲ್ಲಿಟ್ಟು ಕೊಕ್ಕೆ ಬಲಕ್ಕೆ ತಿರುವಿದೆ.

ಹಾರಾಟ ನಿರಾತಂಕ. ಟ್ಯಾಬಿನಲ್ಲಿ ಯಂತ್ರದ ಕ್ಯಾಮೆರಾಕ್ಕೆ ಕಾಣಿಸುವುದೆಲ್ಲ ಕಾಣುತ್ತದೆ, ಸದ್ದು ಮಾತ್ರ ಇಲ್ಲ. ಗದ್ದೆ ದಾಟಿತು, ಒಂದು ಕೆರೆ ದಾಟಿತು, ಆಮೇಲೆ ಆನವಟ್ಟಿ ರೋಡಿನ ಪಕ್ಕಪಕ್ಕಕ್ಕೇ ಹೋಯಿತು. ರೋಡಿನ ಮೇಲೆ ಹಳದಿ ಹಾಸುಗಳು ಒಂದಾದ ಮೇಲೊಂದು ಬಂದವು. ಒಂದು ತಿರುವಿನಲ್ಲಿ ಹಾಸಿನ ಸುತ್ತ ಹತ್ತಾರು ಜನ ಗುಂಪುಗೂಡಿದ್ದರು, ಬಗ್ಗಿ ಏನೋ ಮಾಡುತ್ತಿದ್ದರು. ಒಣಗಿದ ಜೋಳ ಚೀಲಕ್ಕೆ ತುಂಬುತ್ತಿದ್ದಾರೆ ಅಂದುಕೊಂಡೆ. ಯಂತ್ರ ಅವರನ್ನು ದಾಟಿ ಹೋಯಿತು.

ಆಸ್ಪತ್ರೆಯ ಅಂಗಳ ಬಂತು. ಶಾಮಿಯಾನ, ಕುರ್ಚಿ, ಮೇಲೆ ನೋಡುತ್ತಿರುವ ಮುಖಗಳು. ಇಳಿಯುವ ಚಾಪೆ ಖಾಲಿ ಇತ್ತು. ನಿಧಾನಕ್ಕೆ, ಒಂದು ಚೂರು ಧೂಳು ಏಳದಂತೆ ಇಳಿಸಿದೆ. ಅಷ್ಟು ನಾಜೂಕಾಗಿ ನಾನು ಯಾವತ್ತೂ ಇಳಿಸಿರಲಿಲ್ಲ. ಕುರ್ಚಿಯ ಜನ ಚಪ್ಪಾಳೆ ತಟ್ಟುವುದು ಕಾಣಿಸಿತು. ರೆಕ್ಕೆ ನಿಂತವು.

ಆಗ ಒಬ್ಬ ಮನುಷ್ಯ ಜನರ ನಡುವಿನಿಂದ ನುಗ್ಗಿದ. ಹೆಗಲ ಮೇಲೆ ಕಂಬಳಿ, ಬರಿಗಾಲು. ರೆಕ್ಕೆ ಪೂರಾ ನಿಂತಿವೆಯೇ ಎಂದು ಒಂದು ಕ್ಷಣ ನಿಂತು ನೋಡಿದ. ನಾನು ಹೇಳಿಕೊಟ್ಟಂತೆಯೇ ನೋಡಿದ. ಅಯ್ಯೋ, ಇವನಿಗೆ ಯಾರೂ ಹೇಳಿಲ್ಲ ಎಂದು ನನಗೆ ಹೊಳೆದದ್ದು ಆಗ. ಅವನು ಮಂಡಿಯೂರಿದ, ಕೈ ಕೆಳಗೆ ಹೋಯಿತು. ಎಡಕ್ಕೆ ತಿರುವಿ, ಎಳೆದು, ನನ್ನ ಬುತ್ತಿಚೀಲವನ್ನು ಎದೆಗೆ ಅವಚಿಕೊಂಡು ಓಡಿದ. ಫೋಟೋದವರು ಅವನ ಹಿಂದೆ ಓಡಿದರು. ನಾನು ತಾಳಗುಂದದ ಬಯಲಿನಲ್ಲಿ ನಿಂತು, "ಬೇಡ, ಬೇಡ, ಅದಲ್ಲ," ಅಂತ ಟ್ಯಾಬಿಗೆ ಕೂಗುತ್ತಿದ್ದೆ. ಕಣದ ಹೆಂಗಸು ಗಾಬರಿಯಾಗಿ ಓಡಿಬಂದಳು.

ಬಾಗಿಲ ಹತ್ತಿರ ಬಿಳಿ ಕೋಟಿನವರು ಚೀಲ ಕೈಗೆ ತೆಗೆದುಕೊಂಡು ಗಂಟು ಬಿಚ್ಚಿದರು. ಒಳಗೆ ಕೈ ಹಾಕಿದವರು ಹಾಗೇ ನಿಂತರು. ಅವನು ಚೀಲವನ್ನು ಅವರ ಕೈಯಿಂದ ಕಿತ್ತುಕೊಂಡು ನೆಲದ ಮೇಲೆ ಸುರುವಿದ. ಅಷ್ಟು ದೂರದಿಂದಲೂ ಹಳದಿ ಕಾಣುತ್ತಿತ್ತು. ಅವನು ಆ ಕಾಳುಗಳಲ್ಲಿ ಕೈಯಾಡಿಸುತ್ತಿದ್ದ, ಇನ್ನೇನೋ ಕೆಳಗೆ ಇದ್ದೀತು ಅನ್ನುವವನಂತೆ. ಅಷ್ಟರಲ್ಲಿ ಯಾರೋ ಯಂತ್ರಕ್ಕೆ ಹಾರ ಹಾಕಿದರು. ಚೆಂಡುಹೂವು ಕ್ಯಾಮೆರಾದ ಮೇಲೆ ಬಿದ್ದು ನನ್ನ ಟ್ಯಾಬಿನ ತುಂಬ ಕಿತ್ತಳೆ ಬಣ್ಣ ತುಂಬಿಕೊಂಡಿತು.

ವೆಲ್ಡಿಂಗ್‌ನವನಿಗೆ ಫೋನು ಮಾಡಿದೆ. ಎತ್ತಿದ್ದು ಬೇರೆಯವರು. "ಈ ಫೋನಿನವ್ರು ಬಿದ್ದಾರ್ರೀ. ಬೈಕ್ ಜಾರೈತಿ. ನೀವ್ಯಾರು?"

ಯಾರದೋ ಗೂಡ್ಸ್ ಗಾಡಿಗೆ ಕೈ ಅಡ್ಡ ಹಾಕಿ ಹೋದೆ. ಅದೇ ತಿರುವು. ಎದುರಿಗೆ ಬಸ್ಸು ಬಂದಿದೆ, ಇವನು ಪಕ್ಕಕ್ಕೆ ಸರಿದಿದ್ದಾನೆ, ಪಕ್ಕದಲ್ಲಿ ಇದ್ದದ್ದು ಜೋಳ. ಗುಂಡಗಿನ ಕಾಳಿನ ಮೇಲೆ ಚಕ್ರ ನಿಲ್ಲುತ್ತದೆಯೇ? ಅಂಚಿನ ಕಲ್ಲಿನ ಮೇಲೆ ಎದೆ ಕೆಳಗಾಗಿ ಬಿದ್ದಿದ್ದನಂತೆ. ಜೋಳದ ಯಜಮಾನ ಗೋಣಿಚೀಲ ಮಡಿಸಿ ಅವನ ತಲೆಗೆ ಕೊಟ್ಟು ನೀರು ಕುಡಿಸುತ್ತಿದ್ದ. ಹೆಗಲ ಮೂಳೆ ಮುರಿದಿತ್ತು.

"ಅಕ್ಕಾ, ನನ್ನ ಬಿಡಿ, ಚೀಲ ನೋಡಿ," ಅಂದ.

ನೋಡುವುದೇನು? ತಂಪುಚೀಲ ಅವನ ಮೈ ಅಡಿಯಲ್ಲಿ ಕಲ್ಲಿಗೆ ಸಿಕ್ಕಿ ಹರಿದಿತ್ತು. ಒಳಗಿನ ಎರಡೂ ಒಡೆದಿದ್ದವು. ಹಳದಿ ಹಾಸಿನ ನಡುವೆ ಒಂದು ಆಳು ಮಲಗುವಷ್ಟು ಜಾಗ ಕೆಂಪಾಗಿತ್ತು. ಮೊದಲು ನೋಡಿದವರೆಲ್ಲ ಅದು ಅವನ ಮೈಯ ರಕ್ತ ಅಂದುಕೊಂಡಿದ್ದರು.

ಅವನನ್ನು ಗಾಡಿಗೆ ಏರಿಸಿದ ಮೇಲೆ ಯಜಮಾನ ನನ್ನ ಹತ್ತಿರ ಬಂದ. ಕೆಟ್ಟವನಲ್ಲ. "ಮಾಲು ಹಾಳಾತಲ್ರೀ ಯವ್ವ. ಇದನ್ನ ಯಾರ್ ತಗೋತಾರ್ರೀ ಈಗ?" ಅಂದ. ನನ್ನ ಬಾಯಿಗೆ ಬಂದದ್ದನ್ನೆಲ್ಲ ಅವನ ಮೇಲೆ ಸುರಿದೆ. ರೋಡು ನಿಮ್ಮಪ್ಪಂದೇನ್ರೀ ಅಂತ ಕೇಳಿದೆ, ಈ ರಕ್ತ ಸಿಗದೆ ಅಲ್ಲಿ ಒಬ್ಬ ಬಾಣಂತಿ ಸಾಯುತ್ತಿದ್ದಾಳೆಂದು ಹೇಳಿದೆ. ಅವನ ಹೆಂಡತಿ ತಲೆ ಮೇಲೆ ಕೈ ಹೊತ್ತು ಕೂತುಬಿಟ್ಟಳು. ಆದರೆ ನಾನು ಇನ್ನೊಂದು ಗಾಡಿಗೆ ಕಾಯುತ್ತಾ ನಿಂತಾಗ ಅವರಿಬ್ಬರೂ ಕೆಂಪು ಕಾಳನ್ನು ಬೇರೆ ಮಾಡಿ ಬುಟ್ಟಿಗೆ ತುಂಬಿ, ಕೊಡದ ನೀರು ಹಾಕಿ ತೊಳೆದು, ಸ್ವಲ್ಪ ಆಚೆಗೆ ಅದೇ ರೋಡಿನ ಮೇಲೆ ಮತ್ತೆ ಹರವಿದರು.

ಬಾಣಂತಿಯನ್ನು ಕಡೆಗೆ ರಕ್ತ ಕೊಡದೆ ಹಾಗೇ ಆಂಬುಲೆನ್ಸಿನಲ್ಲಿ ಹಾಕಿಕೊಂಡು ಶಿವಮೊಗ್ಗಕ್ಕೆ ಹೊರಟಿದ್ದರು. ಶಿಕಾರಿಪುರ ಮುಟ್ಟುವ ಮೊದಲೇ ಹೋಗಿಬಿಟ್ಟಳು. ಹೆಣ್ಣುಮಗು ಉಳಿಯಿತು.

ಕಾರ್ಯದರ್ಶಿಯನ್ನು ಹುಡುಕಿಕೊಂಡು ಮರುದಿನ ಹೋದೆ. ಆ ಗಂಡನಿಗೆ ಯಾಕೆ ಹೇಳಲಿಲ್ಲ ಅಂತ ಕೇಳಿದೆ. "ಆ ಗಲಾಟೇಲಿ ಮರೆತುಹೋಯ್ತು ಮೇಡಂ," ಅಂದರು. ಆಮೇಲೆ ನಿಧಾನಕ್ಕೆ ನನಗೇ ಪಾಠ ಶುರು ಮಾಡಿದರು. ಡ್ರೋನ್ ಎರಡೂ ಹಾರಾಟ ಸರಿಯಾಗಿ ಮುಗಿಸಿದೆ, ಬೈಕು ಬಿದ್ದದ್ದು ಟ್ರಸ್ಟಿನ ಹಾರಾಟದ ಲೆಕ್ಕಕ್ಕೆ ಬರುವುದಿಲ್ಲ, ಬೈಕಿಗೆ ಕೊಟ್ಟವರು ನೀವು. ಹೀಗೆ. ಅವರು ಹೇಳಿದ ಒಂದೊಂದು ಮಾತೂ ನಿಜವೇ ಆಗಿತ್ತು. ನಾನು ಟ್ಯಾಬು, ಗಾಳಿಮಾಪಕ, ತೂಕದ ಕೊಕ್ಕೆ ಎಲ್ಲವನ್ನೂ ಅವರ ಮೇಜಿನ ಮೇಲಿಟ್ಟು ಎದ್ದು ಬಂದೆ.

ಸ್ವಲ್ಪ ದಿನದ ಮೇಲೆ ಟ್ರಸ್ಟಿನವರು ಒಂದು ಬಣ್ಣದ ಪತ್ರಿಕೆ ಹಂಚಿದರು. ಅದರ ಮುಖಪುಟದಲ್ಲಿ ಆ ಬಾಣಂತಿಯ ಗಂಡನ ಫೋಟೋ. ಬುತ್ತಿಚೀಲ ಎದೆಗೆ ಅವಚಿಕೊಂಡು ಓಡುತ್ತಿದ್ದಾನೆ. ಕೆಳಗೆ 'ಸಮಯಕ್ಕೆ ಸರಿಯಾಗಿ' ಎಂದು ದೊಡ್ಡ ಅಕ್ಷರದಲ್ಲಿ ಬರೆದಿತ್ತು. ಕಾರ್ಯದರ್ಶಿಗೆ ಫೋನು ಮಾಡಿ ಉಗಿದೆ. "ಮುಖ ಕಾಣಲ್ಲ ಬಿಡಿ ಮೇಡಂ, ಯಾರಿಗೆ ಗೊತ್ತಾಗುತ್ತೆ?" ಅಂದರು.

ಅವನು ನಮ್ಮ ಮನೆಗೆ ಬಂದದ್ದು ಬೇಸಿಗೆ ಶುರುವಾದ ಮೇಲೆ. ತಾಳಗುಂದದ ಹತ್ತಿರ ಯಾರದೋ ಗದ್ದೆಯಲ್ಲಿ ಕುರಿ ಮಂದೆ ನಿಲ್ಲಿಸಿದ್ದನಂತೆ, ಡ್ರೋನಿನ ಹೆಂಗಸು ಎಲ್ಲಿ ಅಂತ ಕೇಳಿಕೊಂಡು ಬಂದಿದ್ದ. ಮುಖ ನೋಡಿ ಗುರುತು ಹತ್ತಲಿಲ್ಲ, ಕಂಬಳಿ ನೋಡಿ ಹತ್ತಿತು. ನೀರು ಕೊಟ್ಟೆ, ಕುಡಿದ. ಒಳಗೆ ಬನ್ನಿ ಅಂದರೆ ಬರಲಿಲ್ಲ, ಕಟ್ಟೆಯ ಮೇಲೆ ಕೂತ. ಮಗು ಹೇಗಿದೆ ಅಂದೆ. "ಐತ್ರೀ. ನಮ್ಮವ್ವನ ಹತ್ರ ಐತಿ," ಅಂದ. ಆಮೇಲೆ ಕಂಬಳಿಯ ಮಡಿಕೆಯಿಂದ ನನ್ನ ಬುತ್ತಿಚೀಲ ತೆಗೆದ. ತೊಳೆದು, ಒಣಗಿಸಿ, ನಾಲ್ಕು ಮಡಿಕೆ ಮಾಡಿ ಇಟ್ಟುಕೊಂಡಿದ್ದ.

"ಇದು ನಿಮ್ದೇನ್ರೀ?"

"ಹೌದು."

"ಅದ್ರಾಗ ಜ್ವಾಳ ಹಾಕ್ದೋರು ಯಾರ್ರೀ?"

"ನಾನೇ."

ಅವನು ತಲೆ ಎತ್ತಲಿಲ್ಲ. ಚೀಲದ ಅಂಚನ್ನು ಬೆರಳಿನಿಂದ ತೀಡುತ್ತಿದ್ದ. ಸಿಟ್ಟಿದ್ದರೆ ಬೈಯಲಿ, ಹೊಡೆಯಲಿ ಅನ್ನಿಸಿತು.

"ಯಾರೋ ಚ್ಯಾಷ್ಟಿ ಮಾಡ್ಯಾರ ಅಂದ್ಕೊಂ‌ಡಿದ್ದೆ ನಾನು. ಬಡವ್ರು ಅಂತ. ಯಾತಕ್ರೀ ಹಾಕಿದ್ದು?"

"ತೂಕಕ್ಕೆ," ಅಂದೆ. "ರಕ್ತದ ಚೀಲ ಬೈಕಲ್ಲಿ ಹೋಗಿತ್ತು. ಡಬ್ಬಿ ಖಾಲಿ ಇದ್ರೆ ಯಂತ್ರ ಸರಿಯಾಗಿ ಹಾರಲ್ಲ. ರಕ್ತ ಎಷ್ಟಿತ್ತೋ ಅಷ್ಟೇ ತೂಕ ಇರಬೇಕು."

"ತೂಕಕ್ಕ," ಅಂದ. ಬೀದಿಯಲ್ಲಿ ಅವನ ಜೊತೆಯವರು ಕೂಗಿದರು, ಕುರಿ ಬಿಡುವ ಹೊತ್ತಾಗಿತ್ತು. ಅವನು ಎದ್ದ. ಚೀಲವನ್ನು ನನ್ನ ಕೈಗೆ ಕೊಡದೆ ಕಟ್ಟೆಯ ಮೇಲಿಟ್ಟ. ಹೊರಟವನು ಅಂಗಳದ ಅಂಚಿನಲ್ಲಿ ನಿಂತ.

"ಸರೀ ಇತ್ತೇನ್ರೀ ತೂಕ?"

"ಸರಿ ಇತ್ತು," ಅಂದೆ.